ಅಪ್ಪನ ಬೆನ್ನಿಗೆ ಹಾಕಿದ ಕೃತಕ ಮೂಳೆ: ನಾವು ಕೇಳದೆ ಕೆಟ್ಟದ್ದು

ಬೆನ್ನಿನ ಫ್ಯೂಷನ್ ಆಪರೇಷನ್‌ಗೆ, ಅಂದ್ರೆ ಬೆನ್ನಿನ ಎಲುಬುಗಳ ಮಧ್ಯೆ ಮೂಳೆ ತುಂಬಿಸಿ, ಸ್ಕ್ರೂ ಹಾಕಿ ಒಂದಾಗಿ ಕೂಡಿಸುವ ಆಪರೇಷನ್‌ಗೆ, ಡೇಟ್ ತಗೊಂಡವ್ರು ಇದ್ರೆ ಇದೊಂದು ಓದಿ. ನಮ್ಮದು ಬದಿಯಡ್ಕ ಹತ್ರ, ಅಡಿಕೆ ಹೆಕ್ಕಿ ಹೆಕ್ಕಿ ಅಪ್ಪನ ಸೊಂಟ ಹೋಗಿತ್ತು, ಬೆನ್ನಿನ ಕೆಳಭಾಗದಲ್ಲಿ ಎಲ್4-ಎಲ್5 ಹತ್ರ ಎಲುಬು ಜಾರಿದೆ ಅಂದ್ರು, ಕಾಸರಗೋಡಿನವ್ರಿಗೆ ದೊಡ್ಡ ಆಪರೇಷನ್ ಅಂದ್ರೆ ಮಂಗಳೂರೇ ಅಲ್ವಾ, ತಲಪಾಡಿ ಗಡಿ ದಾಟಿ ಒಂದು ಆಸ್ಪತ್ರೆಗೆ ಹೋದೆವು. ಹೆಸರು ಬೇಡ.

"ಸೊಂಟದಿಂದ ಮೂಳೆ ತೆಗೆಯುವ ನೋವಿಲ್ಲ, ಕೃತಕ ಮೂಳೆ ಹಾಕ್ತೇವೆ" ಅಂದ್ರು, ನಮಗೆ ಖುಷಿಯೇ ಆಯ್ತು. ಪ್ಯಾಕೇಜ್‌ಗಿಂತ ಹೊರಗೆ ಅದಕ್ಕೇ ಬೇರೆ ಬಿಲ್, ಅದನ್ನೂ ಕಟ್ಟಿದೆವು. ಎಂತ ಹಾಕ್ತೀರಿ ಅಂತ ಕೇಳ್ಲೇ ಇಲ್ಲ.

ಹನ್ನೊಂದು ತಿಂಗಳಾದ್ರೂ ನೋವು ಹೋಗ್ಲಿಲ್ಲ. ಎಕ್ಸ್‌ರೇ ನೋಡಿ ಸರಿ ಉಂಟು ಅಂತಲೇ ಹೇಳ್ತಿದ್ರು, ಬೇರೆ ಡಾಕ್ಟರ್ ಸಿಟಿ ಸ್ಕ್ಯಾನ್ ಮಾಡ್ಸಿದಾಗ ಎಲುಬು ಕೂಡಿಯೇ ಇಲ್ಲ, ಸ್ಕ್ರೂ ಸಡಿಲ! ಎಂತ ಹಾಕಿದ್ದಾರೆ ಅಂತ ಅವ್ರು ಕೇಳಿದ್ರೆ ನಮ್ಮ ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಬೋನ್ ಸಬ್‌ಸ್ಟಿಟ್ಯೂಟ್' ಅಂತ ಮಾತ್ರ. ಹಾಕಿದ ವಸ್ತುವಿನ ಹೆಸರಿರುವ, ಕೇಸ್‌ಶೀಟಿಗೆ ಅಂಟಿಸಿದ ಸ್ಟಿಕ್ಕರ್‌ನ ಕಾಪಿ ಸಿಗ್ಲಿಕ್ಕೆ ಮೂರು ಸಲ ಬಸ್ ಹತ್ತಿದೆ ಮಾರಾಯ್ರೆ.

ನೋಡಿದ್ರೆ ಕ್ಯಾಲ್ಸಿಯಂ ಸಲ್ಫೇಟ್, ಪ್ಲಾಸ್ಟರ್ ಆಫ್ ಪ್ಯಾರಿಸ್ ಜಾತಿಯದ್ದು. ಕೆಲವು ವಾರದಿಂದ ಎರಡು ಮೂರು ತಿಂಗಳಲ್ಲಿ ಕರಗ್ತದೆ, ಎಲುಬು ಕೂಡ್ಲಿಕ್ಕೆ ಆರು ತಿಂಗಳು, ವರ್ಷ ಬೇಕು. ಕೃತಕ ಮೂಳೆಯಲ್ಲೇ ಬೇರೆ ಜಾತಿಯೂ ಉಂಟು, ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ನಿಧಾನ ಕರಗ್ತದೆ, ಹೈಡ್ರಾಕ್ಸಿಅಪಟೈಟ್ ವರ್ಷಗಟ್ಲೆ ನಿಲ್ತದೆ. ಆದ್ರೆ ಇವೆಲ್ಲ ತೊಂಡೆ ಚಪ್ಪರದ ಹಾಗೆ, ಬಳ್ಳಿ ನಮ್ಮ ಮೈಯಿಂದಲೇ ಬರ್ಬೇಕು. ಅದಕ್ಕೇ ಸ್ವಂತ ಮೂಳೆಯ ಚೂರು, ಮಜ್ಜೆ ಸೇರಿಸ್ತಾರಂತೆ, ಒತ್ತಿ ಹಿಡಿದ ನರ ಬಿಡಿಸುವಾಗ ತೆಗೆದ ಎಲುಬೇ ಆಗ್ತದಂತೆ. ಅಪ್ಪನಿಗೆ ಸೇರಿಸಿದ್ರಾ ಇಲ್ವಾ, ನೋಟ್ಸಲ್ಲಿ ಒಂದಕ್ಷರ ಇಲ್ಲ.

ತಪ್ಪು ನಮ್ಮದೂ ಉಂಟು. "ಬೀಡಿ ಸಿಗರೇಟ್ ಉಂಟಾ" ಅಂತ ಕೇಳಿದ್ರು, ಅಪ್ಪ ಇಲ್ಲ ಅಂದ್ರು, ಸುಳ್ಳಲ್ಲ. ಆದ್ರೆ ದಿನಕ್ಕೆ ಹತ್ತು ಸಲ ಎಲೆಯಡಿಕೆ ಜೊತೆ ಹೊಗೆಸೊಪ್ಪು! ಅದನ್ನು ಯಾರೂ ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ. ನಿಕೋಟಿನ್ ಅದರಲ್ಲೂ ಉಂಟು, ಅದು ಎಲುಬಿಗೆ ಹೋಗುವ ರಕ್ತ ಕಮ್ಮಿ ಮಾಡ್ತದೆ ಅಂತ ಎರಡನೇ ಡಾಕ್ಟರ್ ಬೈದ್ರು.

ಕೃತಕ ಮೂಳೆಯೇ ಕೆಟ್ಟದ್ದು ಅಂತಲ್ಲ. ಮತ್ತೆ ಆಪರೇಷನ್ ಮಾಡ್ಬೇಕಾಯ್ತು, ಆ ಸಲ ಅಪ್ಪನ ಸೊಂಟದಿಂದಲೇ ಮೂಳೆ ತೆಗೆದ್ರು, ಆ ಜಾಗ ಈಗ್ಲೂ ನೋಯ್ತದೆ ಅಪ್ಪನಿಗೆ. ಹಾಕುವ ವಸ್ತುವಿನ ಹೆಸರು, ಎಷ್ಟು ಸಮಯ ನಿಲ್ತದೆ, ಸ್ವಂತ ಮೂಳೆ ಸೇರಿಸ್ತೀರಾ ಅಂತ ಸೈನ್ ಹಾಕುವ ಮೊದ್ಲೇ ಕೇಳಿ, ಸ್ಟಿಕ್ಕರ್ ಕಾಪಿ ಡಿಸ್ಚಾರ್ಜ್ ದಿನವೇ ತಗೊಳ್ಳಿ.

ಹೊಗೆಸೊಪ್ಪಿನ ಡಬ್ಬಿ ಈಗ ಅಮ್ಮನ ಬೀರುವಲ್ಲಿ ಉಂಟು, ಬೀಗದ ಕೈ ಎಲ್ಲಿ ಅಂತ ನನಗೂ ಗೊತ್ತಿಲ್ಲ. ಮುಂದಿನ ಸಿಟಿ ದೀಪಾವಳಿ ಕಳೆದು.