ಬಲ ಲೀಡ್‌ಗಾಗಿ ನಾಲ್ಕು ದಾರಿ

ನಾನು ಪಳಗಿಸುತ್ತಿರುವ ನಾಲ್ಕು ವರ್ಷದ ಥರೋಬ್ರೆಡ್ ಹೆಣ್ಣುಕುದುರೆ ಎಡಸುತ್ತಿನಲ್ಲಿ ಕೇಳಿದ ಕೂಡಲೇ ಸರಿಯಾದ ಲೀಡ್‌ನಲ್ಲಿ ಕ್ಯಾಂಟರ್ ಹಿಡಿಯುತ್ತಿತ್ತು. ಲೀಡ್ ಎಂದರೆ ಕ್ಯಾಂಟರ್ ಓಟದಲ್ಲಿ ಯಾವ ಬದಿಯ ಮುಂಗಾಲು ಹೆಚ್ಚು ಮುಂದಕ್ಕೆ ಚಾಚುತ್ತದೆ ಎಂಬುದು; ಸುತ್ತು ಹಾಕುವಾಗ ಸಾಮಾನ್ಯವಾಗಿ ಅದು ಒಳಬದಿಯದಾಗಿರಬೇಕು. ಬಲಸುತ್ತಿನಲ್ಲಿ ಮಾತ್ರ ಹತ್ತರಲ್ಲಿ ಆರೇಳು ಬಾರಿ ಎಡ ಲೀಡ್‌ನಲ್ಲೇ ಹೊರಟು, ಮುಂದಿನ ಮೂಲೆಯಲ್ಲಿ ತಡವರಿಸುತ್ತಿತ್ತು. ಪಶುವೈದ್ಯರು ಬೆನ್ನು, ಕಾಲು, ಹಲ್ಲುಗಳನ್ನು ಪರೀಕ್ಷಿಸಿ ನೋವಿಲ್ಲವೆಂದು ಹೇಳಿದ ಮೇಲೆ, ಜೀನೂ ಸರಿಯಾಗಿ ಕೂತಿದೆಯೆಂದು ಖಚಿತಪಡಿಸಿಕೊಂಡು, ಬೆಂಗಳೂರಿನ ಹೊರವಲಯದ 20×40 ಮೀಟರ್ ಅಂಕಣವೊಂದರಲ್ಲಿ ಎರಡು ತಿಂಗಳು ನಾಲ್ಕು ವಿಧಾನಗಳನ್ನು ಪ್ರಯತ್ನಿಸಿ ನೋಡಿದೆ.

ಕನ್ನಡದಲ್ಲಿ ಟ್ರಾಟ್‌ಗೆ ಕುಕ್ಕುಲೋಟವಿದೆ, ಗ್ಯಾಲಪ್‌ಗೆ ನಾಗಾಲೋಟವಿದೆ. ಇವೆರಡರ ನಡುವಿನದನ್ನು ನಮ್ಮ ಲಾಯದಲ್ಲಿ ಎಲ್ಲರೂ ಕ್ಯಾಂಟರ್ ಎಂದೇ ಕರೆಯುತ್ತಾರೆ. ಅದು ಮೂರು ಎಣಿಕೆಯ ನಡೆ. ಬಲ ಲೀಡ್‌ನಲ್ಲಿ ಮೊದಲು ಎಡ ಹಿಂಗಾಲು, ಅನಂತರ ಬಲ ಹಿಂಗಾಲು ಮತ್ತು ಎಡ ಮುಂಗಾಲು ಒಟ್ಟಿಗೆ, ಕೊನೆಗೆ ಬಲ ಮುಂಗಾಲು ನೆಲ ಮುಟ್ಟುತ್ತವೆ. ಆಮೇಲೆ ಕ್ಷಣಮಾತ್ರ ನಾಲ್ಕೂ ಗೊರಸುಗಳು ನೆಲ ಬಿಟ್ಟಿರುತ್ತವೆ. ನೋಡುವವರ ಕಣ್ಣಿಗೆ ಬೀಳುವುದು ಮುಂದಕ್ಕೆ ಚಾಚುವ ಬಲ ಮುಂಗಾಲಾದರೂ, ಲೀಡ್ ತೀರ್ಮಾನವಾಗುವುದು ಅದಕ್ಕೂ ಮೊದಲು ನೆಲಕ್ಕಿಳಿಯುವ ಎಡ ಹಿಂಗಾಲಿನಲ್ಲಿ. ಈ ಒಂದು ಸಂಗತಿಯನ್ನು ಮರೆತಿದ್ದರಿಂದಲೇ ನನ್ನ ಮೊದಲ ಮೂರು ವಾರಗಳು ವ್ಯರ್ಥವಾದವು.

ಮೊದಲು ಮಾಡಿದ್ದು ಎಲ್ಲರೂ ಕಲಿಸುವ ಕ್ರಮ: ಟ್ರಾಟ್‌ನಲ್ಲಿ ಮೂಲೆಗೆ ಬಂದು, ಬಲಗಾಲನ್ನು ಜೀನಿನ ಪಟ್ಟಿಯ ಬಳಿ ಇಟ್ಟು, ಎಡಗಾಲನ್ನು ತುಸು ಹಿಂದಕ್ಕೆ ಸರಿಸಿ ಸೂಚನೆ ಕೊಡುವುದು. ಪಳಗಿದ ಕುದುರೆಗೆ ಇಷ್ಟೇ ಸಾಕು. ನನ್ನ ಕುದುರೆಯಾದರೋ ಬಲಕ್ಕೆ ತಿರುಗುವಾಗ ಒಳಭುಜದ ಮೇಲೆ ಭಾರ ಹಾಕಿ ವಾಲುತ್ತಿದ್ದುದರಿಂದ, ಮೂಲೆ ಅದಕ್ಕೆ ನೆರವಾಗುವ ಬದಲು ಆ ವಾಲುವಿಕೆಯನ್ನೇ ಹೆಚ್ಚಿಸಿತು. ಭಾರ ಹೊತ್ತ ಬಲ ಮುಂಗಾಲು ಮುಂದಕ್ಕೆ ಚಾಚಲಾಗದೆ ಉಳಿಯಿತು. ತಪ್ಪಿದಾಗಲೆಲ್ಲ ನಾನು ಟ್ರಾಟ್‌ನ ವೇಗ ಹೆಚ್ಚಿಸಿ ಮತ್ತೆ ಕೇಳುತ್ತಿದ್ದೆ, ಅದು ಇನ್ನಷ್ಟು ವಾಲುತ್ತಿತ್ತು.

ಎರಡನೆಯದನ್ನು ಹೇಳಿಕೊಟ್ಟವರು ಹಿರಿಯ ಸವಾರರೊಬ್ಬರು. ಕುದುರೆಯ ಮುಖವನ್ನು ಹೊರಗಡೆಗೆ, ಅಂದರೆ ಎಡಕ್ಕೆ, ತಿರುಗಿಸಿ ಕ್ಯಾಂಟರ್ ಕೇಳಿದರೆ ಬಲಭುಜ ತಾನಾಗಿ ಒಳಕ್ಕೆ ಬಿದ್ದು, ಸಮತೋಲ ಕಾಯ್ದುಕೊಳ್ಳಲು ಕುದುರೆ ಬಲ ಲೀಡ್ ಹಿಡಿಯುತ್ತದೆ. ನಾಲ್ಕರಲ್ಲಿ ಅತಿ ಬೇಗ ಫಲ ಕೊಟ್ಟದ್ದು ಇದೇ: ಮೊದಲ ದಿನವೇ ಹತ್ತರಲ್ಲಿ ಎಂಟು ಬಾರಿ ಸರಿ ಬಂತು. ಆದರೆ ಹಾಗೆ ಹೊರಟ ಕ್ಯಾಂಟರ್ ತಿರುವಿನಲ್ಲಿ ಬಾಗಿದ ಬೈಕಿನಂತಿತ್ತು; ವಾರ ಕಳೆಯುವಷ್ಟರಲ್ಲಿ ನನ್ನ ಎಡಗಾಲು ಅಲುಗಿದರೆ ಸಾಕು, ಕುದುರೆ ಕತ್ತನ್ನು ಎಡಕ್ಕೆ ತಿರುಗಿಸಲು ಕಲಿತಿತ್ತು. ಇದನ್ನು ಬಿಡಿಸಲು ಕಲಿಸಿದ್ದಕ್ಕಿಂತ ಮೂರು ಪಟ್ಟು ಕಾಲ ಹಿಡಿಯಿತು. ಎಳೆಯ ಕುದುರೆಗೆ ಈ ಉಪಾಯ ಬೇಡವೆಂದೇ ನನ್ನ ಅಭಿಪ್ರಾಯ.

ಇದಾದ ಮೇಲೆ ಕೆಲವು ದಿನ ಜೀನು ಬಿಟ್ಟು, ಉದ್ದ ಹಗ್ಗದಲ್ಲಿ ದೊಡ್ಡ ಸುತ್ತು ಹಾಕಿಸಿ, ಬರೀ ಧ್ವನಿಯಿಂದ ಕ್ಯಾಂಟರ್ ಕೇಳಿದೆ. ಸವಾರನಿಲ್ಲದಾಗ ಅರ್ಧಕ್ಕಿಂತ ಹೆಚ್ಚು ಬಾರಿ ಬಲ ಲೀಡ್ ಸರಿಯಾಗಿ ಬಂದುದರಿಂದ, ತಪ್ಪಿನಲ್ಲಿ ನನ್ನ ಪಾಲೂ ಇದೆಯೆಂದು ಒಪ್ಪಬೇಕಾಯಿತು. ಲೀಡ್ ಯಾವುದೆಂದು ನೋಡಲು ನಾನು ಬಲಭುಜದತ್ತ ಬಗ್ಗುತ್ತಿದ್ದೆ. ಯಾವ ಭುಜವನ್ನು ಹಗುರಗೊಳಿಸಬೇಕಿತ್ತೋ ಅದರ ಮೇಲೆಯೇ ನನ್ನ ಭಾರವನ್ನೂ ಹೇರುತ್ತಿದ್ದೆ. ಹಗ್ಗದ ಸುತ್ತು ದೋಷ ಎಲ್ಲಿದೆಯೆಂದು ತೋರಿಸಿತೇ ಹೊರತು ಅದನ್ನು ತಿದ್ದಲಿಲ್ಲ. ಸುತ್ತು ಹಾಕಿಸುವುದು ಎಳೆಯ ಕೀಲುಗಳಿಗೆ ಶ್ರಮದ ಕೆಲಸವಾದ್ದರಿಂದ ಹದಿನೈದು ನಿಮಿಷ ದಾಟಿಸಲೂ ಇಲ್ಲ.

ಕೊನೆಗೆ ಕೈಹಿಡಿದದ್ದು ಸುತ್ತನ್ನು ಕಿರಿದುಮಾಡಿ ಮತ್ತೆ ಹಿಗ್ಗಿಸುವ ಕ್ರಮ. 20 ಮೀಟರ್ ಸುತ್ತಿನಲ್ಲಿ ನಿಧಾನವಾದ ಟ್ರಾಟ್‌ನಿಂದ ಆರಂಭಿಸಿ, ನಿಧಾನವಾಗಿ 14-15 ಮೀಟರಿಗೆ ಇಳಿದು, ಅಲ್ಲಿಂದ ಬಲಗಾಲಿನ ಒತ್ತಡದಿಂದ ಕುದುರೆಯನ್ನು ಹೆಜ್ಜೆಹೆಜ್ಜೆಗೂ ಹೊರಕ್ಕೆ ಸರಿಸುತ್ತ, ಎಡ ಲಗಾಮಿನಿಂದ ಹೊರಭುಜ ಜಾರದಂತೆ ಹಿಡಿದು, ಮತ್ತೆ 20 ಮೀಟರ್ ತಲುಪುವ ಹೊತ್ತಿಗೆ ಕ್ಯಾಂಟರ್ ಕೇಳಬೇಕು. ಹೊರಕ್ಕೆ ಸರಿಯುವಾಗ ಭಾರ ಎಡಗಾಲುಗಳಿಗೆ ದಾಟಿ ಬಲಭುಜ ಬಿಡುವಾಗುತ್ತದೆ, ಹೊರಡಿಸಬೇಕಾದ ಎಡ ಹಿಂಗಾಲೂ ಸಜ್ಜಾಗಿರುತ್ತದೆ. ಸೂಚನೆ ಕೊಡುವ ಕ್ಷಣವೂ ಮುಖ್ಯ: ಎದ್ದು ಕೂರುವ ಟ್ರಾಟ್‌ನಲ್ಲಿ ಹೊರಗಿನ ಮುಂಗಾಲು ಮುಂದಕ್ಕೆ ಹೋಗುವಾಗ ಎದ್ದು, ಅದು ನೆಲದಲ್ಲಿರುವಾಗ ಕೂರುವ ಲೆಕ್ಕ ಸರಿಯಾಗಿ ಹಿಡಿದಿದ್ದರೆ, ನಾನು ಕೂರುವಾಗ ಎಡ ಹಿಂಗಾಲು ಗಾಳಿಯಲ್ಲಿ ಮುಂದೆ ಬರುತ್ತಿರುತ್ತದೆ, ಆಗ ಕೇಳಿದರೆ ಅದು ನೆಲಕ್ಕಿಳಿದೇ ಕ್ಯಾಂಟರ್‌ನ ಮೊದಲ ಎಣಿಕೆಯಾಗುತ್ತದೆ. ಮೊದಲ ವಾರ ಫಲಿತಾಂಶ ಸಾಧಾರಣವಾಗಿತ್ತು, ಅರ್ಧಕ್ಕರ್ಧ. ಮೂರನೆಯ ವಾರದಲ್ಲಿ ತಪ್ಪುವುದು ಅಪರೂಪವಾಯಿತು. ಟ್ರಾಟ್ ಕೂಡ ನೆಟ್ಟಗಾಯಿತು, ಇದನ್ನು ನಾನು ನಿರೀಕ್ಷಿಸಿರಲಿಲ್ಲ.

ಈ ಕ್ರಮಕ್ಕೆ ಜೊತೆಯಾಗಿ, ಸುತ್ತು ಅಂಕಣದ ಅಂಚನ್ನು ಸೇರುವಲ್ಲಿ ನೆಲದಿಂದ ಸುಮಾರು 15 ಸೆಂಟಿಮೀಟರ್ ಎತ್ತರಕ್ಕೆ ಒಂದು ಗಳವನ್ನು ಇಟ್ಟೂ ನೋಡಿದೆ. ಗಳ ದಾಟುವ ಪುಟ್ಟ ನೆಗೆತದಲ್ಲಿ ಕಾಲುಗಳನ್ನು ಹೊಂದಿಸಿಕೊಳ್ಳಲು ಕುದುರೆಗೆ ಸಮಯ ಸಿಗುತ್ತದೆ, ಸವಾರನೂ ಕೆಳಗೆ ನೋಡದೆ ಮುಂದೆ ನೋಡುತ್ತಾನೆ. ಆದರೆ ದಿನವೂ ಇಟ್ಟರೆ ಗಳ ಕಂಡೊಡನೆ ಕುದುರೆ ಧಾವಿಸತೊಡಗುತ್ತದೆ.

ಲೀಡ್ ತಪ್ಪಿದಾಗ ಈಗ ಗದರುವುದಿಲ್ಲ, ತಟ್ಟನೆ ಎಳೆದು ನಿಲ್ಲಿಸುವುದೂ ಇಲ್ಲ. ನಾಲ್ಕಾರು ಹೆಜ್ಜೆಯಲ್ಲಿ ಮೆಲ್ಲನೆ ಟ್ರಾಟ್‌ಗೆ ಇಳಿಸಿ, ಸುತ್ತನ್ನು ಮತ್ತೆ ಕಿರಿದುಮಾಡಿ ಕೇಳುತ್ತೇನೆ. ಮುಂದೆ ಡ್ರೆಸಾಜ್, ಅಂದರೆ ಸೂಕ್ಷ್ಮ ಸೂಚನೆಗಳಿಗೆ ನಿಖರವಾಗಿ ನಡೆಯುವ ಸವಾರಿ ಕಲೆ, ಕಲಿಸುವಾಗ ಹೊರ ಲೀಡ್‌ನಲ್ಲೇ ತಿರುಗುವುದನ್ನು ಇದೇ ಕುದುರೆಯಿಂದ ನಾನೇ ಕೇಳಬೇಕಾಗುತ್ತದೆ. ಗಳವನ್ನು ಕುದುರೆ ನೋಡಿಕೊಳ್ಳುವ ಸಯೀಸರು ವಾರಕ್ಕೊಮ್ಮೆ, ಶನಿವಾರ ಮಾತ್ರ, ಹೊರತರುತ್ತಾರೆ.