ಕರ್ನಾಟಕ ಸಂಗೀತವೋ, ಹಿಂದೂಸ್ತಾನಿಯೋ? ಸೇರುವ ಮೊದಲು ಈ ಪದಗಳು ತಿಳಿದಿರಲಿ

ಎರಡರಲ್ಲೂ ಸ್ವರ ಏಳೇ. ಗೊಂದಲ ಇರುವುದು ಹೆಸರುಗಳಲ್ಲಿ. ಹಾರ್ಮೋನಿಯಂನಲ್ಲಿ 'ಬಿಳಿ ಒಂದು' ಎನ್ನುವ ಕೀಲಿಯನ್ನು 'ಸ' ಎಂದು ಹಿಡಿಯಿರಿ. ಪಕ್ಕದ ಕಪ್ಪು ಒಂದು ಕರ್ನಾಟಕ ಪದ್ಧತಿಯಲ್ಲಿ 'ಶುದ್ಧ ರಿಷಭ' (ಎರಡನೇ ಸ್ವರ 'ರಿ'ಯ ಒಂದು ರೂಪ), ಹಿಂದೂಸ್ತಾನಿಯಲ್ಲಿ 'ಕೋಮಲ ರೇ'. ಹಿಂದೂಸ್ತಾನಿಯವರ 'ಶುದ್ಧ ರೇ' ಬಿಳಿ ಎರಡು. ಕರ್ನಾಟಕದಲ್ಲಿ ಅದು 'ಚತುಶ್ರುತಿ ರಿಷಭ'. ಎರಡೂ ಕಡೆಯ ಪಾಠ ಒಟ್ಟಿಗೆ ಕೇಳುವವರು ಎಡವುವುದು ಇಲ್ಲೇ.

ರಾಗಗಳನ್ನು ವಿಂಗಡಿಸಲು ಕರ್ನಾಟಕದಲ್ಲಿ 72 ಮೇಳಕರ್ತ (ಮೂಲ ರಾಗಗಳು), ಹಿಂದೂಸ್ತಾನಿಯಲ್ಲಿ ಸಂಗೀತಶಾಸ್ತ್ರಜ್ಞ ಭಾತಖಂಡೆಯವರ 10 ಥಾಟ್ (ರಾಗಗಳ ಗುಂಪುಗಳು). ಕರ್ನಾಟಕದ ಕಲ್ಯಾಣಿ ರಾಗಕ್ಕೂ ಹಿಂದೂಸ್ತಾನಿಯ ಯಮನ್‌ಗೂ ಸ್ವರಗಳು ಒಂದೇ, ಹಾಡುವ ರೀತಿ ಬೇರೆ. ಕಲ್ಯಾಣಿಯಲ್ಲಿ ಗಮಕ (ಸ್ವರವನ್ನು ಅಲುಗಿಸಿ ಹಾಡುವುದು) ಜಾಸ್ತಿ, ಯಮನ್‌ನಲ್ಲಿ ಸ್ವರದ ಮೇಲೆ ನಿಲ್ಲುವುದು ಜಾಸ್ತಿ.

ಆದಿತಾಳಕ್ಕೆ 8 ಅಕ್ಷರ (ತಾಳದ ಎಣಿಕೆ), ಹಾಡುವವರೇ ಕೈಯಲ್ಲಿ ಹಾಕುತ್ತಾರೆ. ತೀನ್‌ತಾಲಕ್ಕೆ 16 ಮಾತ್ರೆ (ಇದೂ ಎಣಿಕೆಯೇ), ತಬಲಾದ ಠೇಕಾ (ಆ ತಾಳದ ಗೊತ್ತಾದ ಬಡಿತ) ಕೇಳಿ ಹಿಡಿಯಬೇಕು.

ಸರಳೆ, ಜಂಟಿ (ಆರಂಭದ ಸ್ವರ ಅಭ್ಯಾಸಗಳು) ಅಂತ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವುದು ಇಷ್ಟವಾದರೆ ಕರ್ನಾಟಕ ಸಂಗೀತಕ್ಕೆ ಸೇರಿ. ಒಂದೇ ರಾಗದಲ್ಲಿ ತುಂಬಾ ಹೊತ್ತು ಇರುವ ಆಸೆಯಿದ್ದರೆ ಹಿಂದೂಸ್ತಾನಿ ಒಳ್ಳೆಯದು. ಆದರೆ ಮನೆಯ ಹತ್ತಿರ ಒಳ್ಳೆಯ ಗುರು ಸಿಕ್ಕರೆ, ಅವರು ಯಾವುದನ್ನು ಕಲಿಸುತ್ತಾರೋ ಅದನ್ನೇ ಶುರು ಮಾಡಿ.