‘ನಾರ್ಮಲ್’ ಅಂತ ಬಂದ ಡೆಕ್ಸಾ ರಿಪೋರ್ಟ್ ನಂಬಬೇಡಿ, ಅದರಲ್ಲೂ ದಪ್ಪಗಿರುವ ಹೆಂಗಸರದ್ದು

ಡೆಕ್ಸಾ ಅಂದರೆ ಮೂಳೆಯ ಸಾಂದ್ರತೆ ಅಳೆಯೋ ಸ್ಕ್ಯಾನ್. ಸ್ಕ್ಯಾನ್ ಸೆಂಟರಿನವರು ದುಡ್ಡು ತಗೊಂಡಿದ್ದು ಎರಡು ಜಾಗಕ್ಕೆ, ಸ್ಕ್ಯಾನ್ ಮಾಡಿದ್ದು ಒಂದೇ ಜಾಗ. ಬಿಲ್ಲಲ್ಲಿ ‘ಬೆನ್ನು, ಹಿಪ್’ ಅಂತಿದೆ. ರಿಪೋರ್ಟ್ ಬಿಡಿಸಿ ನೋಡಿದರೆ ಹಿಪ್ಪಿನ ಚಿತ್ರವೇ ಇಲ್ಲ! ಕೌಂಟರಿನ ಉತ್ತರ: “ಪೇಶೆಂಟ್ ದಪ್ಪ ಇದ್ದಾರಲ್ಲ ಮೇಡಂ, ಹೊಟ್ಟೆ ಅಡ್ಡ ಬರುತ್ತೆ. ಬೆನ್ನು ನಾರ್ಮಲ್ ಬಂದಿದೆಯಲ್ಲ, ಸಾಕು.”

ಸಾಕಂತೆ. ಪೇಶೆಂಟಿಗೆ 61 ವರ್ಷ, 94 ಕೆಜಿ, ಸಕ್ಕರೆ ಕಾಯಿಲೆ. ಬಚ್ಚಲಲ್ಲಿ ಜಾರಿ ಕಾಲಿನ ಹರಡು ಮುರಿದಿದ್ದಕ್ಕೇ ಡಾಕ್ಟರು ಈ ಸ್ಕ್ಯಾನ್ ಬರೆದದ್ದು. ಇದೇ ಯಂತ್ರದ ಕೆಲಸ ಬಲ್ಲ ನನ್ನ ಮನೆಯಲ್ಲೇ ಕೊನೆಯ ಸಾಲು ಮಾತ್ರ ಓದಿ ಕವರನ್ನು ಎರಡು ವಾರ ಬೀರುವಿನಲ್ಲಿಟ್ಟದ್ದು ನಾಚಿಕೆಗೇಡು, ಒಪ್ಪಿದೆ.

ಒಳಗಿನ ಅಂಕಿ ನೋಡಿ. ಬೆನ್ನಿನ ನಾಲ್ಕು ಮೂಳೆಗಳ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕಿ, ಮೈನಸ್ ಹೆಚ್ಚಿದಷ್ಟೂ ಸಾಂದ್ರತೆ ಕಡಿಮೆ), ಮೇಲಿಂದ ಕೆಳಕ್ಕೆ: ಎಲ್‌1 ಮೈನಸ್ 2.1, ಎಲ್‌2 ಮೈನಸ್ 1.9, ಎಲ್‌3 ಮೈನಸ್ 0.4, ಎಲ್‌4 ಪ್ಲಸ್ 0.9. ನಾಲ್ಕನ್ನೂ ಕಲಸಿ ಮೈನಸ್ 0.7, ನಾರ್ಮಲ್! ಒಂದೇ ಬೆನ್ನಲ್ಲಿ ಕೆಳಗಿನೆರಡು ಮೂಳೆ ಅದ್ಯಾಕೆ ಅಷ್ಟು ಗಟ್ಟಿ? ಗಟ್ಟಿ ಅಲ್ಲ ಸ್ವಾಮಿ, ಸವೆತ. ಸವೆದ ಕೀಲಿನ ಅಂಚಲ್ಲಿ ಬೆಳೆದ ಮೂಳೆಯ ಮುಳ್ಳುಗಳನ್ನೂ ಯಂತ್ರ ಮೂಳೆಯ ಲೆಕ್ಕಕ್ಕೇ ಹಾಕುತ್ತೆ. ಪಕ್ಕದ ಮೂಳೆಗಿಂತ 1ಕ್ಕೂ ಹೆಚ್ಚು ವ್ಯತ್ಯಾಸ ಇದ್ದರೆ ಅದನ್ನು ಬಿಟ್ಟು ಲೆಕ್ಕ ಹಾಕಬೇಕು, ಕನಿಷ್ಠ ಎರಡು ಉಳಿದರೆ ಸಾಕು. ಉಳಿದ ಎರಡರದ್ದು ಸುಮಾರು ಮೈನಸ್ 2. ಮೈನಸ್ 2.5ಕ್ಕೆ ಇಳಿದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗೋ ಕಾಯಿಲೆ ಅಂತಾರೆ. ಇವರು ಕೊಟ್ಟಿದ್ದು ನಾರ್ಮಲ್.

ಇನ್ನು ಹೊಟ್ಟೆ ಅಡ್ಡ ಬರೋ ಮಾತು. ಅಡ್ಡ ಬರುತ್ತೆ, ನಿಜ. ಅದಕ್ಕೇ ಹೊಟ್ಟೆಯ ಮಡಿಕೆಯನ್ನು ಪೇಶೆಂಟಿನ ಕೈಯಲ್ಲೇ ಮೇಲಕ್ಕೆ ಎತ್ತಿ ಹಿಡಿಸಬೇಕು, ಇಲ್ಲಾ ಬಟ್ಟೆ ಕಟ್ಟಿ ಎಳೆದಿಡಬೇಕು. ಕಾಲನ್ನು ಒಳಮುಖವಾಗಿ 15ರಿಂದ 25 ಡಿಗ್ರಿ ತಿರುಗಿಸಿ ಪಟ್ಟಿ ಬಿಗಿಯಬೇಕು. ಕೆಲವೇ ನಿಮಿಷದ ಕೆಲಸ. ಅದೂ ಆಗದಿದ್ದರೆ ಮುಂಗೈ ಮೂಳೆಯಲ್ಲಿ, ಮಣಿಕಟ್ಟಿನಿಂದ ಮೂರನೇ ಒಂದು ಭಾಗದಷ್ಟು ಮೇಲೆ ಮಾಡೋ ಅಳತೆ ಇದೆ. ಟೇಬಲ್ ತಡೆಯಲ್ಲ ಅನ್ನೋಕೂ ಇಲ್ಲ, ಹಳೇ ಯಂತ್ರಗಳೇ ಸುಮಾರು 136 ಕೆಜಿ ತಡೆಯುತ್ತವೆ.

ಮ್ಯಾನೇಜರ್ ಫೋನಲ್ಲಿ ಹೇಳಿದ್ದು ಇನ್ನೂ ಚೆಂದ: “ದಪ್ಪಗಿರೋರಿಗೆ ಮೂಳೆ ಗಟ್ಟೀನೇ ಇರುತ್ತೆ, ಟೆನ್ಶನ್ ತಗೋಬೇಡಿ.” ಅರ್ಧ ಸತ್ಯ, ಅದಕ್ಕೇ ಹೆಚ್ಚು ಅಪಾಯ. ಭಾರ ಹೊತ್ತ ಮೂಳೆಯ ಸಾಂದ್ರತೆ ಹೆಚ್ಚಿರುತ್ತೆ, ಮುಟ್ಟು ನಿಂತ ಮೇಲೂ ಕೊಬ್ಬು ಒಂದಿಷ್ಟು ಈಸ್ಟ್ರೋಜನ್ ಮಾಡುತ್ತೆ. ಆದರೆ ವಿಟಮಿನ್ ಡಿ ಅದೇ ಕೊಬ್ಬಲ್ಲಿ ಹಂಚಿಹೋಗಿ ರಕ್ತದಲ್ಲಿ ಕಡಿಮೆಯಾಗುತ್ತೆ, ಹೊಟ್ಟೆಯೊಳಗಿನ ಕೊಬ್ಬಿನಿಂದ ಉರಿಯೂತದ ರಾಸಾಯನಿಕಗಳು ಬರುತ್ತವೆ, ಬಿದ್ದರೆ ಮೂಳೆಗೆ ಬೀಳೋ ಏಟೂ ಭಾರಕ್ಕೆ ತಕ್ಕಂತೆ. ಹಲವು ದೇಶಗಳ ಹೆಂಗಸರ ಮೂಳೆಮುರಿತದ ಬಗ್ಗೆ ನಡೆದ ಗ್ಲೋ ಅಧ್ಯಯನದ 2011ರ ವರದಿ, ಮುಟ್ಟು ನಿಂತ ಹೆಂಗಸರನ್ನು ಬೊಜ್ಜು ಮೂಳೆಮುರಿತದಿಂದ ಕಾಪಾಡಲ್ಲ ಅಂತಲೇ ಹೇಳಿದೆ. ಹರಡು ಮತ್ತು ತೊಡೆಮೂಳೆ ಮುರಿಯೋ ಅಪಾಯ ಬೊಜ್ಜಿದ್ದವರಲ್ಲೇ ಹೆಚ್ಚಿತ್ತು. ಹರಡು! ಮುರಿದುಕೊಂಡು ಬಂದವರಿಗೇ ಇವರ ಸಮಾಧಾನ. ಮೇಲಾಗಿ ಸಕ್ಕರೆ ಕಾಯಿಲೆ ಇದ್ದವರಿಗೆ ಅದೇ ಸ್ಕೋರಿಗೆ ಮುರಿತದ ಅಪಾಯ ಜಾಸ್ತಿ. ಫಾರ್ಮ್‌ನಲ್ಲಿ ಸಕ್ಕರೆ ಕಾಯಿಲೆ ಇದೆಯಾ ಅಂತ ಒಬ್ಬರೂ ಕೇಳಿಲ್ಲ.

ದುಡ್ಡು ವಾಪಸ್ ಕೇಳಿದರೆ “ಅದು ಪ್ಯಾಕೇಜ್ ರೇಟ್ ಮೇಡಂ.” ಜೊತೆಗೆ ತಿಂಗಳಿಗೆ ಎಂಟು ಕೆಜಿ ಇಳಿಸೋ ಪೌಡರಿನ ಚೀಟಿ. ವ್ಯಾಯಾಮ, ಪ್ರೋಟೀನ್ ಇಲ್ಲದೆ ಹಾಗೆ ಇಳಿಸಿದರೆ ಕೊಬ್ಬಿನ ಜೊತೆ ಹಿಪ್ಪಿನ ಮೂಳೆಯೂ ಕರಗುತ್ತೆ, ಅದನ್ನು ಯಾರು ಹೇಳಬೇಕು?

ಸ್ಕ್ಯಾನ್‌ಗೆ ಹೋದರೆ ಹಿಪ್ಪಿನ ಚಿತ್ರ ನೋಡದೆ ದುಡ್ಡು ಕೊಡಬೇಡಿ. ನಾಲ್ಕು ಮೂಳೆಯ ಅಂಕಿ ಬೇರೆ ಬೇರೆಯಾಗಿ ಕೇಳಿ ಡಾಕ್ಟರಿಗೆ ತೋರಿಸಿ. ಈಗ ಬೇರೆ ಕಡೆ ಮೊದಲಿಂದ ಮಾಡಿಸಬೇಕು. ಯಂತ್ರ ಬದಲಾದರೆ ಹಳೇ ಅಂಕಿಗೆ ಹೊಸದನ್ನು ಹೋಲಿಸೋಕೂ ಬರಲ್ಲ, ಹಾಗಾಗಿ ಆ ರಿಪೋರ್ಟ್ ಮುಂದಕ್ಕೂ ಕೆಲಸಕ್ಕೆ ಬಾರದು.